ಒಂದು ಗಂಟೆ ಐವತ್ತೆರಡರ ಗೆರೆ

ಅವನು ಸಾಗಿಸಿದ ಸಾಮಾನಿನ ಮೇಲೆ ಇವತ್ತಿನವರೆಗೆ ಒಂದು ಗೀರು ಬಿದ್ದಿಲ್ಲ. ಅವನ ಮನೆಯಲ್ಲಿ ಮಾತ್ರ ಹಿಡಿ ಇರುವ ಟೀ ಕಪ್ಪು ಒಂದೂ ಉಳಿದಿಲ್ಲ. ಎರಡೂ ಅದೇ ಕೈಗಳ ಕೆಲಸ. ಸ್ಟೀರಿಂಗ್ ಹಿಡಿದರೆ ಹಸುಗೂಸಿನ ತಲೆ ಹಿಡಿದ ಹಾಗೆ ಹಿಡಿಯುತ್ತಾನೆ. ಮನೆಗೆ ಬಂದು ಟೀ ಕುಡಿದು ಕಪ್ಪು ಕೆಳಗಿಟ್ಟರೆ ಪಕ್ಕದ ಮನೆಯವರು ಏನಾಯಿತೋ ಎಂದು ಇಣುಕಬೇಕು. "ರಸ್ತೇಲಿ ಆಮೆ, ಮನೇಲಿ ಗುಡುಗು. ನನ್ನ ಹಣೆಬರಹ, ಗುಡುಗೇ ನನ್ನ ಪಾಲಿಗೆ ಬಂತು" ಎಂದು ಹೆಂಡತಿ ಹೇಳಿಕೊಂಡು ನಗುತ್ತಿದ್ದಳು. ನಗು ಬಂದ ದಿನ ನಗುತ್ತಿದ್ದಳು, ಅನ್ನಿ.

ಆಮೆ ಅನ್ನುವುದು ಲಾರಿಯವರು ಇಟ್ಟ ಹೆಸರು. ಮೊದಮೊದಲು ಕೇಳಿದಾಗ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬರಬರುತ್ತ ಅದೇ ಬಿರುದಾಯಿತು. ಹರೆಯದಲ್ಲಿ ಹದಿನಾರು ವರ್ಷ ಅವನು ಓಡಿಸಿದ್ದು ಗಾಜಿನ ಲಾರಿ. ಅಂಗಡಿಗಳ ಮುಂದೆ ನಿಲ್ಲಿಸುವ, ಆಳೆತ್ತರದ ಗಾಜಿನ ಹಲಗೆಗಳು. ಹಿಂದೆ ಬಂದವರೆಲ್ಲ ಹಾರನ್ ಹೊಡೆದು, ಬೈದು, ಮುಂದೆ ಹೋದರು. ಇವನು ತನ್ನ ಪಾಡಿಗೆ ತಾನು ಹೋಗಿ, ಎಷ್ಟು ಹಲಗೆ ಏರಿಸಿದ್ದನೋ ಅಷ್ಟನ್ನೂ ಇಳಿಸಿ ಬಂದ. ಬಾಹ್ಯಾಕಾಶ ನೌಕೆಯ ಇಂಧನ ಟ್ಯಾಂಕು ಸಾಗಿಸಲು ಡ್ರೈವರ್ ಬೇಕೆಂದು ತಿಳಿದಾಗ ಎಂಟು ಮಂದಿ ಪರೀಕ್ಷೆಗೆ ಹೋಗಿದ್ದರು. ಏಳು ಮಂದಿ ರಿವರ್ಸು, ಇಕ್ಕಟ್ಟಿನ ತಿರುವು ಎಂದು ಕಸರತ್ತು ತೋರಿಸಿದರು. ಇವನು ಟ್ರೈಲರಿನ ಮೇಲೆ ಊಟದ ತಟ್ಟೆ ಇಟ್ಟು, ಅಂಚಿನವರೆಗೆ ನೀರು ತುಂಬಿಸಿ, ಅಂಗಳವನ್ನು ಒಂದು ಸುತ್ತು ಹಾಕಿ ಬಂದ. ತಟ್ಟೆಯ ಸುತ್ತ ಒಂದು ಹನಿ ಬಿದ್ದಿರಲಿಲ್ಲ. ಅವತ್ತಿನಿಂದ ಹನ್ನೊಂದು ಟ್ಯಾಂಕು ಸಾಗಿಸಿದ್ದಾನೆ. ಈಗ ಹೇಳಹೊರಟಿರುವುದು ಹನ್ನೆರಡನೆಯದರ ಕಥೆ.

ಟ್ಯಾಂಕು ಅಂದರೆ ಮನೆಯ ಮೇಲೆ ಕೂರುವ ನೀರಿನ ಟ್ಯಾಂಕು ಎಂದುಕೊಳ್ಳಬೇಡಿ. ಉದ್ದ ಒಂದು ಬಸ್ಸಿನಷ್ಟು. ಗೋಡೆಯ ದಪ್ಪ ಕೇಳಿದರೆ ನಗುತ್ತೀರಿ, ಎರಡು ನಾಣ್ಯ ಜೋಡಿಸಿಟ್ಟಷ್ಟು. ತೂಕ ಇಳಿಸಬೇಕೆಂದು ಕೆತ್ತಿ ಕೆತ್ತಿ ಹಾಗೆ ಮಾಡಿದ್ದಾರೆ. ಅದನ್ನು ಉಕ್ಕಿನ ತೊಟ್ಟಿಲಿನಲ್ಲಿ ಮಲಗಿಸಿ, ತೊಟ್ಟಿಲನ್ನು ಹನ್ನೆರಡು ಸರಪಳಿಗಳಿಂದ ಟ್ರೈಲರಿಗೆ ಬಿಗಿದು, ಮೇಲೆ ಬಿಳಿ ಹೊದಿಕೆ ಹೊದಿಸಿ ಕಳಿಸುತ್ತಾರೆ. ತೊಟ್ಟಿಲಿನ ಮುಂದೊಂದು ಹಿಂದೊಂದು ಸಣ್ಣ ಪೆಟ್ಟಿಗೆ. ದಾರಿಯುದ್ದಕ್ಕೂ ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ ಅಲುಗಾಡಿತು ಎಂದು ಬರೆದಿಡುವುದು ಅವುಗಳ ಕೆಲಸ. ಮಿತಿ ಮೀರಿದ ಒಂದೇ ಒಂದು ಪೆಟ್ಟು ಬಿದ್ದರೂ ಟ್ಯಾಂಕು ಉಡಾವಣೆಗೆ ಹೋಗುವುದಿಲ್ಲ. ಪೆಟ್ಟು ಯಾಕೆ ಬಿತ್ತು ಎಂಬ ಕಾರಣ ಕಾಗದದ ಮೇಲೆ ಬರಬೇಕು, ಇಲ್ಲವಾದರೆ ಬಂದ ದಾರಿಯಲ್ಲೇ ಕಾರ್ಖಾನೆಗೆ ವಾಪಸ್ಸು. ಗಂಟೆಗೆ ಎಂಟು ಕಿಲೋಮೀಟರು, ಐದು ದಿನದ ದಾರಿ. ಹೋಗುವುದೂ ಐದು ದಿನ, ಬರುವುದೂ ಐದು ದಿನ. ಅಷ್ಟು ಹೊತ್ತಿಗೆ ನೌಕೆ ಹೊರಡುವ ಗಳಿಗೆ ತಪ್ಪಿ, ಮುಂದಿನದಕ್ಕೆ ಏಳು ತಿಂಗಳು ಕಾಯಬೇಕು.

ಗಾಡಿಯ ಮುಂದೆ ಕೆಂಪು ಬಾವುಟ ಕಟ್ಟಿದ ಜೀಪೊಂದು ಹೋಗುತ್ತದೆ. ಅದನ್ನು ಓಡಿಸುವವನು ಆಮೆಯ ಹೆಂಡತಿಯ ತಮ್ಮ. ಮೊದಲು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಆ ಸೀಟಿಯ ಚಟ ಜೀಪಿಗೂ ಬಂತು. ಎದುರಿಗೆ ಸೈಕಲ್ಲು ಬಂದರೂ ಪೀ, ನಾಯಿ ಬಂದರೂ ಪೀ. ಹೀಗಾಗಿ ಅವನ ಹೆಸರು ಪೀಪಿ. ನಲವತ್ತೈದು ದಾಟಿದೆ, ಮಾತು ಕಡಿಮೆ, ಊದುವುದೇ ಜಾಸ್ತಿ. ಬಸ್ಸಿನ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದಾಗ, "ನಿಮ್ಮ ಜೊತೆ ಹಾಕ್ಕೊಳ್ರೀ, ಪುಣ್ಯ ಬರುತ್ತೆ" ಎಂದು ಅಕ್ಕ ಗಂಡನ ತಲೆ ತಿಂದು ಸೇರಿಸಿದ್ದಳು. ಒಂಬತ್ತು ವರ್ಷವಾಯಿತು. ವರ್ಷ ವರ್ಷ ಕರಾರಿಗೆ ಸಹಿ ಹಾಕಿಸಿಕೊಳ್ಳುವ ಕೆಲಸ, ಕಾಯಂ ಅಲ್ಲ. ಆದರೂ ಮುಂದೆ ಪೀಪಿ ಇದ್ದರೆ ಆಮೆಗೆ ರಸ್ತೆ ನೋಡುವ ಅರ್ಧ ಕೆಲಸ ಉಳಿಯುತ್ತಿತ್ತು. ಅವನು ಗುಂಡಿಯ ಹತ್ತಿರ ಎರಡು ಸಲ ಊದುತ್ತಿದ್ದ, ತಂತಿಯ ಹತ್ತಿರ ಮೂರು ಸಲ. ಒಂಬತ್ತು ವರ್ಷದಲ್ಲಿ ಲೆಕ್ಕ ತಪ್ಪಿರಲಿಲ್ಲ.

ಹನ್ನೆರಡನೆಯ ಟ್ಯಾಂಕು ಹೊರಟ ಗಳಿಗೆಯೇ ಸರಿ ಇರಲಿಲ್ಲ. ಮೊದಲ ದಿನ ಗೇಟಿನಲ್ಲಿ ಒಂದು ಕಾಗದಕ್ಕೆ ಮೊಹರಿಲ್ಲವೆಂದು ಮೂರು ಗಂಟೆ ನಿಲ್ಲಿಸಿದರು. ಎರಡನೆಯ ದಿನ ಸೇತುವೆಯ ಮೇಲೆ ಯಾರೋ ಪುಣ್ಯಾತ್ಮ ಕಾರು ನಿಲ್ಲಿಸಿ ಮೊಬೈಲಿನಲ್ಲಿ ಟ್ಯಾಂಕಿನ ಫೋಟೋ ತೆಗೆಯುತ್ತ ನಿಂತ. ಪೀಪಿ ಊದಿ ಊದಿ ಕೆನ್ನೆ ಬಾತುಕೊಂಡಿತು. ಮೂರನೆಯ ದಿನ ಸಂತೆ ಬೀದಿಯ ತುದಿಯಲ್ಲಿ ವಿದ್ಯುತ್ ತಂತಿ ತಗ್ಗಿನಲ್ಲಿ ಜೋತುಬಿದ್ದಿತ್ತು. ತಂತಿ ಎತ್ತಲು ಹನ್ನೊಂದು ಗಂಟೆಗೆ ಬರುತ್ತೇವೆಂದಿದ್ದ ಲೈನ್‌ಮನ್‌ಗಳು ಹನ್ನೆರಡಾದರೂ ಇಲ್ಲ, ಒಂದಾದರೂ ಇಲ್ಲ. ಫೋನ್ ಮಾಡಿದರೆ "ಬಂದ್ವಿ, ಬಂದ್ವಿ, ದಾರೀಲಿದ್ದೀವಿ" ಎನ್ನುತ್ತಿದ್ದರು. ಆಮೆ ಬಿಸಿಲಲ್ಲಿ ನಿಂತು, ತಂದ ಬುತ್ತಿಯನ್ನು ಗಾಡಿಯ ಮೆಟ್ಟಿಲ ಮೇಲಿಟ್ಟುಕೊಂಡು, ನಿಂತೇ ಉಂಡ. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೂ ಅವರು ಬಂದರು, ಹಲ್ಲು ಕಡ್ಡಿ ಕಚ್ಚಿಕೊಂಡು.

"ಊಟ ಆಯ್ತಾ ಸ್ವಾಮಿ?" ಎಂದು ಆಮೆ ಕೇಳಿದ.

"ಆಯ್ತು, ಆಯ್ತು. ನಿಮ್ದು?" ಎಂದ ಅವರಲ್ಲೊಬ್ಬ, ನಿಜಕ್ಕೂ ಉಪಚಾರಕ್ಕೆಂದೇ.

ಅವನನ್ನು ಏನೆಂದು ಬೈಯುವುದು! ತಂತಿ ಎತ್ತಿದರು. ಪೀಪಿ ಉದ್ದನೆಯ ಅಳತೆ ಕೋಲು ಹಿಡಿದು, ತಂತಿಯ ಎತ್ತರ ಸಾಲುತ್ತದೋ ಇಲ್ಲವೋ ಎಂದು ಟ್ರೈಲರಿನ ಮುಂದಿನಿಂದ ಹಿಂದಿನವರೆಗೆ ನೋಡುತ್ತ ಹೋದ. ಆಮೆ ಎಂದಿನಂತೆ ಸರಪಳಿ ನೋಡಲು ಇಳಿದ. ಸರಪಳಿಯ ಬಿಗಿ ನೋಡಲು ಮುಳ್ಳು ತಿರುಗುವ ಒಂದು ಮೀಟರು ಕೊಟ್ಟಿದ್ದರು. ಆಮೆ ಅದನ್ನು ಹಾಕಿ, ಅಂಕಿ ಬರೆದು, ಆಮೇಲೆ ತನ್ನ ಸಮಾಧಾನಕ್ಕೆ ಒಂದು ಮರದ ಕೊಡತಿಯಿಂದ ಪ್ರತಿ ಸರಪಳಿಯನ್ನೂ ಟೊಕ್ ಎಂದು ತಟ್ಟಿ ಕಿವಿಗೊಡುತ್ತಿದ್ದ. ಬಿಗಿಯಾಗಿದ್ದರೆ ಒಂದು ಸದ್ದು, ಸಡಿಲವಾಗಿದ್ದರೆ ಇನ್ನೊಂದು. ಗಾಜಿನ ಲಾರಿಯ ಕಾಲದ ಅಭ್ಯಾಸ. ಕೈ ಅದರ ಪಾಡಿಗೆ ತಟ್ಟುತ್ತಿತ್ತು, ಬಾಯಿ ಅದರ ಪಾಡಿಗೆ ಬೈಯುತ್ತಿತ್ತು. ಅವತ್ತಂತೂ ಬೈಗುಳ ಹನ್ನೆರಡು ಸರಪಳಿ ಮುಗಿದರೂ ಮುಗಿಯಲಿಲ್ಲ. ಎರಡು ಗಂಟೆಗೆ ಗಾಡಿ ಹೊರಟಿತು.

ಐದನೆಯ ದಿನ ಬೆಳಿಗ್ಗೆ ಉಡಾವಣೆಯ ನೆಲ ತಲುಪಿದರು. ಇಳಿಸುವ ಶೆಡ್ಡಿಗೆ ಗಾಡಿ ಹಾಕಿ, ಆಮೆ ಕೆಳಗಿಳಿದು ಸೊಂಟ ನೆಟ್ಟಗೆ ಮಾಡಿಕೊಂಡ. ತಪಾಸಣೆಯ ಮೇಡಂ ಬಂದರು. ಕೂದಲಿಗೆ ನೀಲಿ ಟೋಪಿ, ಕಾಲಿಗೆ ಬಟ್ಟೆಯ ಚೀಲ, ಮುಖದಲ್ಲಿ ನಗುವೂ ಇಲ್ಲ ಸಿಟ್ಟೂ ಇಲ್ಲ. ಎರಡು ಪೆಟ್ಟಿಗೆಗೂ ತಂತಿ ಸಿಕ್ಕಿಸಿ ಕಂಪ್ಯೂಟರಿನಲ್ಲಿ ಬರಹ ತೆಗೆದರು. ಮುಂದಿನ ಪೆಟ್ಟಿಗೆಯ ಗೆರೆ ಐದು ದಿನವೂ ಕೆರೆಯ ನೀರಿನಂತೆ ಮಲಗಿತ್ತು. ಹಿಂದಿನದು ಹಾಗೇ ಬಂದು ಬಂದು, ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆ ಐವತ್ತೆರಡಕ್ಕೆ ಸೂಜಿಯ ಹಾಗೆ ನೆಟ್ಟಗೆ ಎದ್ದು ನಿಂತಿತ್ತು.

"ಇದೇನು?" ಎಂದರು ಮೇಡಂ.

ಸಾಗಾಟದ ಸೂಪರ್‌ವೈಸರ್ ಪಕ್ಕದಲ್ಲೇ ಇದ್ದ. ಐದು ದಿನವೂ ತಣ್ಣಗೆ ಆಫೀಸಿನಲ್ಲಿ ಕೂತಿದ್ದವನಿಗೆ ಎಲ್ಲಾ ಗೊತ್ತು. "ಇನ್ನೇನು ಮೇಡಂ, ಗುಂಡಿಗೆ ಇಳಿಸಿದ್ದಾನೆ" ಎಂದ.

ಆಮೆಗೆ ಕೋಪ ನೆತ್ತಿಗೇರಿತು. "ಗುಂಡಿಗೆ ಇಳಿಸೋದಾ? ನಾನಾ? ಮೂರನೇ ದಿನ ಎರಡು ಗಂಟೆವರೆಗೆ ಗಾಡಿ ನಿಂತಲ್ಲೇ ನಿಂತಿತ್ತು ಸ್ವಾಮಿ! ನಿಂತ ಗಾಡಿ ಗುಂಡಿಗೆ ಹೇಗೆ ಬೀಳುತ್ತೆ? ಗುಂಡೀನೇ ಎದ್ದು ಬಂತಾ?"

"ಹೌದು, ಗುಂಡಿ ಆಗಿದ್ರೆ ಮುಂದಿನ ಪೆಟ್ಟಿಗೇನೂ ಬರೀತಿತ್ತು" ಎಂದರು ಮೇಡಂ. "ಇದು ಹಿಂದುಗಡೆ, ಹತ್ತಿರದಿಂದ ಬಿದ್ದ ಪೆಟ್ಟು. ಆ ಹೊತ್ತಲ್ಲಿ ನೀವೆಲ್ಲಿದ್ರಿ?"

"ಊಟ ಮಾಡ್ತಿದ್ದೆ." ಅವನಿಗೆ ಆ ಮಧ್ಯಾಹ್ನದ್ದೆಂದು ನೆನಪಿದ್ದದ್ದು ಗಂಟಲಿಗಿಳಿಯದ ತುತ್ತು, ಮತ್ತೆ ಲೈನ್‌ಮನ್ನಿನ ಹಲ್ಲು ಕಡ್ಡಿ. ಕೋಪ ಬಂದಾಗ ಏನು ಮಾಡಿದ, ಏನು ಎತ್ತಿಟ್ಟ ಅನ್ನುವುದು ಅವನಿಗೆ ಯಾವತ್ತೂ ನೆನಪಿರುವುದಿಲ್ಲ. ಕಪ್ಪು ಒಡೆದವರು ಯಾರು ಎಂದು ಮರುದಿನ ಹೆಂಡತಿಯನ್ನೇ ಕೇಳಿದ ಆಸಾಮಿ.

"ಹಿಂದುಗಡೆ ಯಾರಿದ್ರು?" ಎಂದ ಸೂಪರ್‌ವೈಸರ್.

"ಪೀಪಿ ಇದ್ದ. ತಂತಿ ಅಳೀತಿದ್ದ. ಕೋಲು ಇತ್ತು ಕೈಯಲ್ಲಿ."

ಹೇಳಿದ್ದು ಇಷ್ಟೇ. ಬೀಳಿಸಿದ ಅನ್ನಲಿಲ್ಲ, ಹೊಡೆದ ಅನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ಎಂದು ಆಮೆ ಆಮೇಲೆ ತನಗೆ ತಾನೇ ನೂರು ಸಲ ಹೇಳಿಕೊಂಡ. ಆದರೆ ಮಾತು ಬಾಯಿಂದ ಬಿದ್ದ ಮೇಲೆ ಮುಗಿಯಿತು, ಸೂಪರ್‌ವೈಸರ್ ಅದನ್ನು ಗಬಕ್ಕನೆ ಹಿಡಿದುಕೊಂಡ. ಪೀಪಿ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಒಂದು ಸಲ ಭಾವನ ಮುಖ ನೋಡಿದ, ಅಷ್ಟೆ.

"ಕೋಲು ಕೈಜಾರಿತೇನಯ್ಯಾ?" ಎಂದು ಸೂಪರ್‌ವೈಸರ್ ಕೇಳಿದ. ಪೀಪಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ನಾಳೆ ಮಧ್ಯಾಹ್ನದ ಹೊತ್ತಿಗೆ ಯಾರಾದ್ರೂ ಬರೆದು ಸಹಿ ಮಾಡಿದ ಕಾರಣ ನನ್ನ ಕೈಗೆ ಬರಬೇಕು" ಎಂದರು ಮೇಡಂ. "ಬಂದ್ರೆ ನಾಲ್ಕು ಗಂಟೆಗೆ ಟ್ಯಾಂಕು ಇಳಿಸಿ ತೊಳೆಯೋ ಕೋಣೆಗೆ ಕಳಿಸ್ತೀನಿ. ಇಲ್ಲದಿದ್ರೆ ವಾಪಸ್ಸು. ನನಗೂ ಬೇರೆ ದಾರಿ ಇಲ್ಲ."

ಡ್ರೈವರುಗಳು ತಂಗುವ ಕೋಣೆಯಲ್ಲಿ ನಾಲ್ಕು ಕಬ್ಬಿಣದ ಮಂಚ, ಸರಿಯಾಗಿ ಮುಚ್ಚದ ಒಂದು ಕಿಟಕಿ. ಎದುರುಬದುರಿನ ಎರಡು ಮಂಚದಲ್ಲಿ ಭಾವ, ಭಾವಮೈದ. ಆಮೆ ಶೂ ಬಿಚ್ಚಿ ಮೂಲೆಗೆಸೆದ. "ಬಿದ್ದಿದ್ರೆ ಬಿತ್ತು ಅಂತ ಬರೆದುಕೊಡೋ, ಮುಗೀತು. ಬೇಕೂಂತ ಮಾಡಿದ್ಯಾ ಏನು? ನಿನ್ನ ಮೌನವ್ರತದಿಂದ ಟ್ಯಾಂಕು ವಾಪಸ್ಸು ಹೋದ್ರೆ ಅದೇ ದಾರಿ, ಅದೇ ತಂತಿ, ಅದೇ ದರಿದ್ರ ಲೈನ್‌ಮನ್ನು! ನನ್ನ ಕೈಲಾಗಲ್ಲ" ಎಂದ. ಪೀಪಿ ಟವೆಲು ಮಡಿಸಿ ತಲೆಯಡಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದ. ಆಮೆಗೆ ಇನ್ನಷ್ಟು ರೇಗಿತು. ಗೋಡೆಯ ಜೊತೆ ಜಗಳವಾಡುವುದು ಹೇಗೆ!

ಮರುದಿನ ಬೆಳಿಗ್ಗೆ ಹೆಂಡತಿಯ ಫೋನು. ಅವಳು ಶಾಲೆಯ ಸಮವಸ್ತ್ರ ಹೊಲಿಯುವವಳು. ಮಾತಾಡುವಾಗಲೂ ಮಿಷನ್ ನಿಲ್ಲಿಸುವುದಿಲ್ಲ. ಅವತ್ತು ಮಿಷನ್ನಿನ ಸದ್ದಿರಲಿಲ್ಲ.

"ನನ್ನ ತಮ್ಮನ ಹೆಸರು ಹೇಳಿದ್ರಂತೆ."

"ಯಾರು ಹೇಳಿದ್ದು ನಿನಗೆ? ಅವನೇನಾ?"

"ಅವನು ಹೇಳ್ತಾನಾ? ಅವನು ಬಾಯಿ ಬಿಡೋನಾಗಿದ್ರೆ ಇಷ್ಟೊತ್ತಿಗೆ ಎಲ್ಲಿರ್ತಿದ್ದ! ಸೂಪರ್‌ವೈಸರ್ ಹೆಂಡತಿ ಬಟ್ಟೆ ತಗೊಂಡು ಹೋಗೋಕೆ ಬಂದಿದ್ಲು. ಅವಳ ಬಾಯಲ್ಲಿ ಕೇಳಬೇಕಾಯ್ತು ನಾನು."

"ಇದ್ದದ್ದು ಹೇಳ್ದೆ ಕಣೇ. ಅವನು ಹಿಂದೆ ಇದ್ದ, ನಾನು ಊಟ ಮಾಡ್ತಿದ್ದೆ."

"ಅವನು ಬೀಳಿಸಿದ್ದು ಕಣ್ಣಾರೆ ನೋಡಿದ್ರಾ?"

"ನಾನೆಲ್ಲಿ ನೋಡ್ಲಿ? ಊಟ…"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದು ಅವಳು ಫೋನಿಟ್ಟಳು. ಆಮೆ ಫೋನನ್ನು ಮಂಚದ ಮೇಲೆ ಎಸೆದ. ಅದು ಪುಟಿದು ನೆಲಕ್ಕೆ ಬಿತ್ತು. ಎತ್ತಿಕೊಳ್ಳುವಾಗ ನೋಡಿದರೆ ಎದುರಿನ ಮಂಚ ಖಾಲಿ.

ಹನ್ನೆರಡೂವರೆಗೆ ಸುದ್ದಿ ಬಂತು. ಸೂಪರ್‌ವೈಸರ್ ತಾನೇ ಟೈಪು ಮಾಡಿಸಿದ ಕಾಗದ ಮುಂದಿಟ್ಟಿದ್ದ: 'ಅಳತೆಯ ಕೋಲು ನನ್ನ ಕೈಜಾರಿ ತೊಟ್ಟಿಲಿನ ಹಿಂಬದಿಗೆ ಬಿತ್ತು.' ಪೀಪಿ ಓದಿ, ಪೆನ್ನು ಕೇಳಿ, ಸಹಿ ಹಾಕಿ ಹೋಗಿದ್ದ. ಮುಗಿಯಿತು. ಟ್ಯಾಂಕು ಉಳಿಯಿತು. ಈ ಸಲದ ಕರಾರು ಮುಗಿದ ಮೇಲೆ ಪೀಪಿ ಕೆಲಸಕ್ಕೆ ಬರುವುದು ಬೇಡ ಎಂದೂ ತೀರ್ಮಾನವಾಗಿತ್ತು. ಕರಾರು ಮುಗಿಯಲು ಉಳಿದದ್ದು ಹದಿನೆಂಟು ದಿನ.

ಕೇಳಿದಾಗ ಆಮೆಗೆ ಹಾಯೆನಿಸಬೇಕಿತ್ತು, ಅನಿಸಲಿಲ್ಲ. ಬೀಳಿಸಿದ್ದರೆ ನಿನ್ನೆಯೇ ಹೇಳಬಾರದಿತ್ತೇ ಮುಠ್ಠಾಳ, ನನ್ನ ಹೆಂಡತಿಯ ಕೈಲಿ ಬೈಸಿದೆಯಲ್ಲ, ಎಂದು ಪೀಪಿಯ ಮೇಲೇ ಸಿಟ್ಟು ಬಂತು. ಮೂರು ಗಂಟೆಗೆ ಸರಪಳಿ ಕೊನೆಯ ಸಲ ನೋಡಿ, ಬಿಚ್ಚಿ, ಟ್ಯಾಂಕು ಒಪ್ಪಿಸಬೇಕಾಗಿತ್ತು. ಶೆಡ್ಡಿಗೆ ಹೋಗುವ ದಾರಿಯಲ್ಲಿ ಸೂಪರ್‌ವೈಸರ್ ಎದುರಾದ. ಹೆಗಲ ಮೇಲೆ ಕೈ ಹಾಕಿದ.

"ಭಲೇ ಕಣಯ್ಯಾ! ಸ್ವಂತ ಬಾಮೈದನನ್ನೇ ಹಿಡಿದುಕೊಟ್ಟೆ. ನಿನ್ನಂಥ ನಿಯತ್ತಿನವರು ಸಿಗಲ್ಲ ಈ ಕಾಲದಲ್ಲಿ."

ಆ ಕೈಯನ್ನು ಹೆಗಲಿನಿಂದ ತೆಗೆದುಹಾಕುವ ಧೈರ್ಯ ಆಮೆಗೆ ಬರಲಿಲ್ಲ. ಹಲ್ಲು ಕಚ್ಚಿಕೊಂಡು ಶೆಡ್ಡಿನೊಳಗೆ ಹೋದ. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಕ್ರೇನಿನವನನ್ನು ಹುಡುಕಿಕೊಂಡು ಹೋಗಿದ್ದರು. ಆಮೆ ಮೀಟರು ಹಾಕುತ್ತ, ಅಂಕಿ ಬರೆಯುತ್ತ, ಕೊಡತಿಯಿಂದ ತಟ್ಟುತ್ತ ಬಂದ. ಹಿಡಿದುಕೊಟ್ಟೆನಂತೆ. ಟೊಕ್. ನಾನೇನು ಪೊಲೀಸನೇ? ಟೊಕ್. ನಿಯತ್ತಂತೆ, ನಿನ್ನ ನಿಯತ್ತಿಗೆ ಬೆಂಕಿ ಹಾಕ! ಹನ್ನೆರಡನೆಯ ಸರಪಳಿಗೆ ಬಂದಾಗ ಕೈ ಮೇಲೆದ್ದು ಧಡಾರನೆ ಬಿತ್ತು. ಕೊಡತಿ ಸರಪಳಿಯನ್ನು ಸವರಿಕೊಂಡು ಅದರ ಕೊಕ್ಕೆ ಸಿಕ್ಕಿಸಿದ ಉಕ್ಕಿನ ಪಟ್ಟಿಗೆ ಬಡಿಯಿತು.

ಅದೇ ಪಟ್ಟಿಯ ಮೇಲೆ, ಒಂದು ಗೇಣು ಆಚೆಗೆ, ದಾರಿಯುದ್ದಕ್ಕೂ ಹೊದಿಕೆಯಡಿ ಕಾಣದಿದ್ದ ಹಿಂದಿನ ಪೆಟ್ಟಿಗೆ ಕೂತಿತ್ತು. ಅದರ ಹಸಿರು ದೀಪ ಆರಿ ಕೆಂಪು ದೀಪ ಹತ್ತಿತು.

ಆಮೆ ಅದನ್ನೇ ನೋಡುತ್ತ ನಿಂತ. ಹೋದ ಹನ್ನೊಂದು ಸಲವೂ ಪೆಟ್ಟಿಗೆ ತೊಟ್ಟಿಲಿನ ನಡುವೆ, ಸರಪಳಿಯಿಂದ ದೂರ ಇರುತ್ತಿತ್ತು. ಈ ಸಲ ಯಾಕೋ ಇಲ್ಲಿಗೆ ತಂದು ಕೂರಿಸಿದ್ದರು. ಮೆಲ್ಲಗೆ ತಟ್ಟಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಸಿಟ್ಟಿನಿಂದ ಹೊಡೆದರೆ ತಿಳಿಯುತ್ತಿತ್ತು. ಈಗ ಒಂದೊಂದಾಗಿ ನೆನಪಿಗೆ ಬಂತು: ಊಟ ಒಂದೂಕಾಲಿಗೇ ಮುಗಿದಿತ್ತು, ಉಳಿದದ್ದನ್ನು ನಾಯಿಗೆ ಹಾಕಿದ್ದ, ಲೈನ್‌ಮನ್‌ಗಳ ವಂಶವನ್ನೆಲ್ಲ ಜಾಲಾಡುತ್ತ ಹಿಂದಿನವರೆಗೆ ಬಂದಿದ್ದ. ಕೊನೆಯ ಸರಪಳಿಗೆ ಕೊಡತಿ ಬೀಸಿದ್ದ. ಬೀಸಿದ್ದ, ದೇವರಾಣೆಗೂ ಬೀಸಿದ್ದ.

ಅವನು ಟ್ರೈಲರಿನ ಚಕ್ರದ ಪಕ್ಕ ಕೂತ. ಯಾರೂ ನೋಡಿರಲಿಲ್ಲ. ಐದು ದಿನದ ಬರಹವನ್ನು ಮೇಡಂ ನಿನ್ನೆಯೇ ತೆಗೆದುಕೊಂಡಾಗಿತ್ತು, ಇನ್ನು ಆ ಪೆಟ್ಟಿಗೆಯನ್ನು ಯಾರು ಕೇಳುತ್ತಾರೆ? ಪೆಟ್ಟಿಗೆಯ ಗುಂಡಿ ಒತ್ತಿದರೆ ಕೆಂಪು ಹೋಗಿ ಹಸಿರು ಬರುತ್ತದೆ, ಅದೂ ಅವನಿಗೆ ಗೊತ್ತಿತ್ತು. ಕಾರಣ ಕಾಗದಕ್ಕೆ ಬಂದಾಗಿದೆ, ಟ್ಯಾಂಕು ಉಳಿದಾಗಿದೆ. ಸುಮ್ಮನಿದ್ದರೆ ಹದಿಮೂರನೆಯ ಟ್ಯಾಂಕೂ ಅವನದೇ, ಹದಿನಾಲ್ಕನೆಯದೂ ಅವನದೇ. ಹೇಳಿದರೆ? ತೊಟ್ಟಿಲಿಗೆ ಪೆಟ್ಟು ಕೊಟ್ಟ ಡ್ರೈವರ್ ಮತ್ತೆ ಟ್ಯಾಂಕಿನ ಹತ್ತಿರ ಸುಳಿಯುವ ಹಾಗಿಲ್ಲ. ಲಾರಿಯಲ್ಲಿ ಜಲ್ಲಿ ಹೊಡೆಯುತ್ತ ಇರಬೇಕಾಗುತ್ತದೆ. ಇಷ್ಟು ವರ್ಷ ತಟ್ಟೆಯ ನೀರು ಚೆಲ್ಲದೆ ಓಡಿಸಿದ್ದು ಜಲ್ಲಿ ಹೊಡೆಯಲಿಕ್ಕಾ? ಅಯ್ಯೋ, ಇನ್ಯಾರದಾದರೂ ಆಗಿದ್ದರೆ ಅವರ ಮೇಲೆ ಕೂಗಾಡಿ ಹಗುರಾಗಬಹುದಿತ್ತು! ಬೈಯಲು ಒಂದು ಹೆಸರು ಹುಡುಕಿದ. ತನ್ನದು ಬಿಟ್ಟು ಇನ್ನೊಂದು ಸಿಗಲಿಲ್ಲ.

ಕ್ರೇನು ಬರುವ ಸದ್ದು ಕೇಳಿದಾಗ ಅವನು ಎದ್ದು ಮೇಡಂ ಕೋಣೆಗೆ ನಡೆದ. ಸೂಪರ್‌ವೈಸರ್ ಅಲ್ಲೇ ಕೂತು ಟೀ ಕುಡಿಯುತ್ತಿದ್ದ.

"ಮೇಡಂ, ಆ ಪೆಟ್ಟು ನಂದು" ಎಂದ ಆಮೆ.

"ಯಾವ ಪೆಟ್ಟು?"

"ಒಂದು ಐವತ್ತೆರಡರದ್ದು. ಕೋಲು ಅಲ್ಲ. ಈ ಕೊಡತಿ. ನಾನೇ ಹೊಡೆದೆ."

"ಬಾಮೈದನನ್ನ ಉಳಿಸೋಕೆ ಬಂದಿದ್ದಾನೆ ಮೇಡಂ" ಎಂದು ಸೂಪರ್‌ವೈಸರ್ ನಕ್ಕ. "ಹೆಂಡತಿ ಫೋನ್ ಬಂದಿರಬೇಕು."

"ನೀವು ಸುಮ್ನಿರಿ ಸ್ವಾಮಿ!" ಆಮೆಯ ಧ್ವನಿಗೆ ಮೇಜಿನ ಮೇಲಿನ ಚಮಚ ಅದುರಿತು. "ಬನ್ನಿ ಮೇಡಂ, ತೋರಿಸ್ತೀನಿ."

ಮೇಡಂ ಬಂದರು. ಕೆಂಪು ದೀಪ ನೋಡಿದರು. ಕ್ರೇನು ನಿಲ್ಲಿಸಿ, ಪೆಟ್ಟಿಗೆಗೆ ತಂತಿ ಹಾಕಿ, ಆಗಷ್ಟೇ ಬಿದ್ದ ಗೆರೆಯನ್ನು ತೆಗೆದು, ಮೂರನೆಯ ದಿನದ ಗೆರೆಯ ಪಕ್ಕದಲ್ಲಿಟ್ಟರು. ಎರಡೂ ಅವಳಿ ಮಕ್ಕಳ ಹಾಗಿದ್ದವು. ಎತ್ತರದಲ್ಲಿ ಕೂದಲೆಳೆಯ ವ್ಯತ್ಯಾಸ. ಮೂರನೆಯ ದಿನದ್ದೇ ತುಸು ಎತ್ತರ. ಲೈನ್‌ಮನ್‌ಗಳ ಮೇಲಿನ ಸಿಟ್ಟು ಸೂಪರ್‌ವೈಸರ್ ಮೇಲಿನದಕ್ಕಿಂತ ಒಂದು ಗುಲಗಂಜಿ ಜಾಸ್ತಿಯಿತ್ತು ಅಂತ ಕಾಣುತ್ತದೆ.

"ಪೆಟ್ಟು ಈ ಪಟ್ಟೀಲೇ ಮುಗಿದಿದೆ, ಟ್ಯಾಂಕಿಗೆ ತಲುಪಿಲ್ಲ" ಎಂದರು ಮೇಡಂ, ತುಂಬ ಹೊತ್ತು ನೋಡಿದ ಮೇಲೆ. "ಟ್ಯಾಂಕು ಹೋಗುತ್ತೆ. ಆ ಕಾಗದ ಹರಿದುಹಾಕಿ, ಇವರ ಹೇಳಿಕೆ ಬರ್ಕೊಳ್ಳಿ." ಆಮೇಲೆ ಆಮೆಯ ಕಡೆ ತಿರುಗಿ, "ಮೀಟರು ಬಿಟ್ಟು ಬೇರೇನೂ ಮುಟ್ಟಿಸಬಾರದು ಅಂತ ನಿಯಮ ಇದೆಯಲ್ರೀ. ಓದಿ ಸಹಿ ಹಾಕಿದ್ದೀರಿ ನೀವು" ಎಂದರು.

"ಸಹಿ ಹಾಕಿದ್ದೀನಿ. ಓದಿಲ್ಲ."

"ನಿಮ್ಮನ್ನ ಟ್ಯಾಂಕಿನ ಡ್ರೈವರುಗಳ ಪಟ್ಟಿಯಿಂದ ತೆಗೀಲೇಬೇಕಾಗುತ್ತೆ." ಮೊದಲ ಸಲ ಅವರ ಮುಖದಲ್ಲಿ ಏನೋ ಕಂಡಿತು. "ಇಷ್ಟು ನೆಟ್ಟಗಿನ ಗೆರೆ ಬೇರೆ ಯಾವ ಡ್ರೈವರದ್ದೂ ಬರಲ್ಲ. ನನಗೆ ಸಂಕಟ ಆಗುತ್ತೆ."

"ನನಗೂ" ಎಂದ ಆಮೆ. ಕ್ರೇನು ಟ್ಯಾಂಕನ್ನು ಎತ್ತಿಕೊಂಡು ತೊಳೆಯುವ ಕೋಣೆಯ ಬಾಗಿಲಿಗೆ ಹೋಗುವುದನ್ನು ಅವನು ನಿಂತು ನೋಡಲಿಲ್ಲ.

ಪೀಪಿ ಜೀಪಿನ ಹತ್ತಿರ ಗಾಜು ಒರೆಸುತ್ತಿದ್ದ. ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಆಮೆ ಗಾಡಿಯ ಕೀಲಿ ಒಪ್ಪಿಸಿ ಹೋಗಿ ಪಕ್ಕದಲ್ಲಿ ನಿಂತ. ಕ್ಷಮಿಸು ಅನ್ನುವ ಮಾತು ಅವನ ಬಾಯಿಗೆ ರೂಢಿಯಿಲ್ಲ. ಹುಡುಕುತ್ತ ಹುಡುಕುತ್ತ ಬೇರೆಯೇ ಹೊರಬಂತು.

"ಬೀಳಿಸದೇ ಇದ್ದದ್ದಕ್ಕೆ ಯಾಕೋ ಸಹಿ ಹಾಕಿದೆ, ಕತ್ತೆ?"

"ಟ್ಯಾಂಕು ವಾಪಸ್ಸು ಹೋಗ್ತಿತ್ತಲ್ಲ ಭಾವ. ನಿಮ್ಮ ಕೈಲಾಗಲ್ಲ ಅಂದ್ರಿ."

ಆಮೆಗೆ ಏನೋ ಹೊಳೆಯಿತು. "ನಾನು ಹೊಡೆದದ್ದು… ನಿನಗೆ ಗೊತ್ತಿತ್ತೇನೋ?"

"ಪಕ್ಕದಲ್ಲೇ ಇದ್ನಲ್ಲ. ನೋಡ್ದೆ."

"ನೋಡಿದ್ಯಾ! ಮತ್ತೆ ಬಾಯಿ ಬಿಡೋಕೇನಾಗಿತ್ತು ನಿನಗೆ? ನಿನ್ನೆ ಅಷ್ಟು ಜನರ ಮುಂದೆ, ಕೋಣೇಲಿ ನಾನು ಅಷ್ಟು ಕೂಗಾಡಿದಾಗ, ಒಂದು ಮಾತು ಹೇಳಬಾರದಿತ್ತಾ?"

ಪೀಪಿ ಒರೆಸುವುದನ್ನು ನಿಲ್ಲಿಸಿದ. "ಅವರಿಗೆ ನನ್ನ ಹೆಸರು ಹೇಳೋ ಮೊದಲು ನನ್ನನ್ನ ಒಂದು ಮಾತು ಕೇಳ್ತೀರಾ ಅಂತ ನೋಡ್ದೆ. ಕೇಳಲಿಲ್ಲ. ಕೋಣೆಗೆ ಬಂದ ಮೇಲಾದ್ರೂ ಕೇಳ್ತೀರಾ ಅಂತ ನೋಡ್ದೆ. ಬರೆದುಕೊಡು ಅಂದ್ರಿ. ಒಂಬತ್ತು ವರ್ಷ ನಾನು ಊದಿದ್ದನ್ನ ನಂಬಿ ಗಾಡಿ ಓಡಿಸಿದ್ದೀರಿ ಭಾವ. ಪೀಪಿ, ಏನಾಯ್ತೋ, ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು."

ಪೀಪಿ ಬಟ್ಟೆ ಹಿಂಡಿ, ಮಡಿಸಿ, ಸೀಟಿನ ಕೆಳಗಿಟ್ಟ. ಕರಾರು ಮುಂದುವರಿಸುತ್ತೇವೆಂದು ಸೂಪರ್‌ವೈಸರ್ ಹೇಳಿಕಳಿಸಿದ್ದಾನೆಂದೂ, ತಾನು ಬೇಡವೆಂದು ಹೇಳಿಕಳಿಸಿದ್ದೇನೆಂದೂ ತಿಳಿಸಿದ. ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಸ್ನೇಹಿತನೊಬ್ಬನಿದ್ದಾನೆ, ಏನಾದರೂ ಸಿಗುತ್ತದೆ ಎಂದ. "ಅಕ್ಕನಿಗೆ ನಾನೇ ಹೇಳ್ತೀನಿ. ನೀವು ಹೇಳೋಕೆ ಹೋದ್ರೆ ಜಗಳ ಆಗುತ್ತೆ" ಎಂದೂ ಸೇರಿಸಿದ. ಆಮೆ ಹೂಂ ಎಂದು ತಲೆಯಾಡಿಸಿ, ಜೀಪಿನ ಬಾಗಿಲ ಮೇಲೆ ಕೈಯಿಟ್ಟ.

"ನನ್ನ ಮೇಲೆ ಕೋಪ ಇದೆಯೇನೋ?" ಎಂದು ಕೊನೆಗೆ ಕೇಳಿದ.

"ಕೋಪ ಇದ್ದಿದ್ರೆ ನಿನ್ನೆನೇ ಹೇಳಿಬಿಡ್ತಿದ್ದೆ" ಎಂದ ಪೀಪಿ. "ಬೇಜಾರು ಭಾವ. ಹತ್ತಿ, ಹೊತ್ತಾಯ್ತು."

ಆಮೆ ಹತ್ತಿ ಪಕ್ಕದ ಸೀಟಿನಲ್ಲಿ ಕೂತ.